ಖಾಕಿ ತೊಡುವ ಮೊದಲು: ನಗರ ಪೊಲೀಸ್ ನೇಮಕಾತಿ ಕುರಿತು ಓದುಗರ ಪ್ರಶ್ನೆಗಳು

ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ಕಮಿಷನರೇಟ್‌ಗಳಲ್ಲಿ ಪೊಲೀಸ್ ಆಗಬಯಸುವವರು ಬರೆದ ಪತ್ರಗಳಲ್ಲಿ ಐದನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ. ಬೆಂಗಳೂರು ನಗರ ಪೊಲೀಸ್ ಸೇರಬೇಕೆಂಬುದು ಬಹುದಿನದ ಆಸೆ. ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಲೇ, ಇಲ್ಲವೇ ಪದವಿ ಮುಗಿಸಿ ಪಿಎಸ್‌ಐ ಪರೀಕ್ಷೆಗೆ ಕಾಯಲೇ? ಮೊದಲು ಸಿಕ್ಕಿದ್ದನ್ನು ಹಿಡಿ ಎನ್ನುತ್ತಾರೆ ಅಪ್ಪ.
– ಓದುಗ, ಸಿಂಧನೂರು

ಉತ್ತರ: ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಪೊಲೀಸ್ ಇಲಾಖೆಯಲ್ಲಿ ಯಾವ ಹುದ್ದೆ ಸಿಕ್ಕಿತು ಎಂಬುದರಷ್ಟೇ ಯಾವ ಘಟಕದಲ್ಲಿ ಸಿಕ್ಕಿತು ಎಂಬುದೂ ಮುಖ್ಯವಾಗುತ್ತದೆ, ಮತ್ತು ಅರ್ಜಿ ತುಂಬುವ ಹೊತ್ತಿಗೆ ಹೆಚ್ಚಿನವರು ಇದನ್ನು ಯೋಚಿಸಿರುವುದಿಲ್ಲ.

ಇಲಾಖೆಗೆ ನೇರವಾಗಿ ಪ್ರವೇಶಿಸಲು ನಾಲ್ಕು ಹಂತಗಳಿವೆ. ಪಿಯುಸಿ ಮುಗಿಸಿದವರಿಗೆ ಸಿವಿಲ್ ಕಾನ್‌ಸ್ಟೆಬಲ್, ಪದವೀಧರರಿಗೆ ಪಿಎಸ್‌ಐ, ಕೆಪಿಎಸ್‌ಸಿ ನಡೆಸುವ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆಯ ಮೂಲಕ ಡಿವೈಎಸ್‌ಪಿ, ಯುಪಿಎಸ್‌ಸಿ ಮೂಲಕ ಐಪಿಎಸ್. ಎಸ್ಸೆಸ್ಸೆಲ್ಸಿ ವಿದ್ಯಾರ್ಹತೆಯ ಸಶಸ್ತ್ರ ಕಾನ್‌ಸ್ಟೆಬಲ್ ಹುದ್ದೆ ಬೇರೆಯೇ ಇದೆ. ಇದರ ಮೂಲಕ ನಗರದಲ್ಲಿ ಸೇರುವವರು ಸಿಎಆರ್‌ಗೆ, ಅಂದರೆ ನಗರ ಸಶಸ್ತ್ರ ಮೀಸಲು ಪಡೆಗೆ, ಹೋಗುತ್ತಾರೆ. ಅವರದು ಕಾವಲು, ಬೆಂಗಾವಲು, ಬಂದೋಬಸ್ತ್ ಕೆಲಸವೇ ಹೊರತು ಠಾಣೆಯಲ್ಲಿ ಕುಳಿತು ದೂರು ಪಡೆಯುವ, ತನಿಖೆಗೆ ನೆರವಾಗುವ ಕೆಲಸವಲ್ಲ. ಈ ವ್ಯತ್ಯಾಸ ತಿಳಿಯದೆ ಸೇರಿ ಆಮೇಲೆ ಬೇಸರಪಡುವವರಿದ್ದಾರೆ, ನೀವು ಹಾಗಾಗಬೇಡಿ.

ಸಿವಿಲ್ ಕಾನ್‌ಸ್ಟೆಬಲ್ ನೇಮಕಾತಿ ಘಟಕವಾರು ನಡೆಯುತ್ತದೆ. ಒಂದು ಜಿಲ್ಲೆಗೋ ಒಂದು ಕಮಿಷನರೇಟ್‌ಗೋ ನೀವು ಅರ್ಜಿ ಹಾಕುತ್ತೀರಿ, ಜ್ಯೇಷ್ಠತೆಯೂ ಬಡ್ತಿಯೂ ಅದೇ ಘಟಕದೊಳಗೆ ಲೆಕ್ಕಕ್ಕೆ ಬರುತ್ತವೆ. ಬೆಂಗಳೂರಿನಲ್ಲಿ ಹುದ್ದೆಗಳು ಹೆಚ್ಚೆಂಬ ಒಂದೇ ಕಾರಣಕ್ಕೆ ಅಲ್ಲಿ ಅರ್ಜಿ ಹಾಕಿ, ಮದುವೆಯಾಗಿ ಮಕ್ಕಳಾದ ಮೇಲೆ, ಊರಲ್ಲಿ ತಂದೆತಾಯಿ ಹಾಸಿಗೆ ಹಿಡಿದ ಮೇಲೆ ಅಂತರ ಜಿಲ್ಲಾ ವರ್ಗಾವಣೆಗಾಗಿ ವರ್ಷಗಟ್ಟಲೆ ಕಾಯುವ ಉತ್ತರ ಕರ್ನಾಟಕದ ಪೊಲೀಸರ ಪಾಡು ರಾಜಧಾನಿಯ ಠಾಣೆಗಳನ್ನು ಬಲ್ಲವರಿಗೆಲ್ಲ ಗೊತ್ತಿದೆ. ನಿಮ್ಮದು ರಾಯಚೂರು ಜಿಲ್ಲೆಯಾದ್ದರಿಂದ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಘಟಕಗಳ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೇ ಮೀಸಲು. ಆ ಭಾಗದ ಹೊರಗೆ ನಿಮಗಿರುವುದು ಶೇ 8. ನಗರದ ಠಾಣೆಯೇ ಬೇಕು, ಆದರೆ ಊರಿನಿಂದ ತೀರ ದೂರ ಬೇಡ ಎನ್ನುವುದಾದರೆ ಕಲಬುರಗಿ ಕಮಿಷನರೇಟ್ ನಿಮ್ಮ ಭಾಗದಲ್ಲೇ ಇದೆ.

ಬೆಂಗಳೂರೇ ಬೇಕೆಂದು ಮನಸ್ಸು ಹೇಳುತ್ತಿದ್ದರೆ ಧೈರ್ಯವಾಗಿ ಹೋಗಿ. 1963ರಿಂದ ಕಮಿಷನರೇಟ್ ಆಗಿರುವ ಆ ನಗರದಲ್ಲಿ ಕಾನೂನು-ಸುವ್ಯವಸ್ಥೆ, ಸಂಚಾರ, ಸಿಸಿಬಿ ಅಂದರೆ ಕೇಂದ್ರ ಅಪರಾಧ ವಿಭಾಗ, ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಸೆನ್ ಠಾಣೆ ಎಂದು ಬಗೆಬಗೆಯ ಕೆಲಸ ಕಲಿಯುವ ಅವಕಾಶ ಬೇರೆಡೆ ಸಿಗುವುದು ಕಷ್ಟ. ರಾತ್ರಿ ಗಸ್ತು ಮುಗಿಸಿದವರನ್ನೇ ಬೆಳಿಗ್ಗೆ ಮೆರವಣಿಗೆಯ ಬಂದೋಬಸ್ತಿಗೆ ಕರೆಯುವುದೂ ಅಲ್ಲಿ ಉಂಟು.

ಕಾಯಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಕಾಯಬೇಡಿ, ಎರಡನ್ನೂ ಬರೆಯಿರಿ. ಕಾನ್‌ಸ್ಟೆಬಲ್ ಆಗಿ ಸೇರಿದವರು ಹೆಡ್ ಕಾನ್‌ಸ್ಟೆಬಲ್, ಎಎಸ್‌ಐ ಆಗುವಷ್ಟರಲ್ಲಿ ಸೇವೆಯ ಬಹುಪಾಲು ಮುಗಿದಿರುತ್ತದೆ ಎಂಬುದು ನಿಜ. ಆದರೆ ಪದವಿ ಪಡೆದ ಕಾನ್‌ಸ್ಟೆಬಲ್‌ಗಳಿಗೆ ಪಿಎಸ್‌ಐ ನೇಮಕಾತಿಯಲ್ಲಿ ಸೇವಾನಿರತರ ಹೆಸರಿನಲ್ಲಿ ಪ್ರತ್ಯೇಕ ಹುದ್ದೆಗಳೂ ವಯೋಮಿತಿಯ ಸಡಿಲಿಕೆಯೂ ಇವೆ. ಠಾಣೆ ಏನೆಂದು ಕಂಡು ಆಮೇಲೆ ಪಿಎಸ್‌ಐ ಆದವರು ಒಳ್ಳೆಯ ಠಾಣಾಧಿಕಾರಿಗಳಾಗುತ್ತಾರೆ ಎಂಬುದು ನನ್ನ ದೃಢ ನಂಬಿಕೆ.

ಪ್ರಶ್ನೆ: ನನ್ನ ಎತ್ತರ 158 ಸೆಂ.ಮೀ. ಓಟದ ಅಭ್ಯಾಸವಿಲ್ಲ. ಹೆಣ್ಣುಮಕ್ಕಳಿಗೆ ಠಾಣೆ ಕೆಲಸ, ಅದರಲ್ಲೂ ರಾತ್ರಿ ಪಾಳಿ, ಏಕೆ ಬೇಕು ಎಂದು ಮನೆಯಲ್ಲಿ ಕೇಳುತ್ತಾರೆ. ಏನು ಹೇಳಲಿ?
– ಓದುಗರು, ಅರಸೀಕೆರೆ

ಉತ್ತರ: ಎತ್ತರದ ಚಿಂತೆ ಬೇಡ, ಮಹಿಳೆಯರಿಗೆ 157 ಸೆಂ.ಮೀ. ಎತ್ತರ, 45 ಕೆ.ಜಿ. ತೂಕವಿದ್ದರೆ ಸಾಕು. 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು, 4 ಕೆ.ಜಿ. ಗುಂಡನ್ನು 3.75 ಮೀಟರ್ ಎಸೆಯಬೇಕು, 2.50 ಮೀಟರ್ ಉದ್ದ ಜಿಗಿತ ಅಥವಾ 0.90 ಮೀಟರ್ ಎತ್ತರ ಜಿಗಿತ ಮುಗಿಸಬೇಕು. ಓಟ ಕೆಲವು ತಿಂಗಳ ಶ್ರದ್ಧೆಯಿಂದ ಬರುತ್ತದೆ. ಗುಂಡು ಎಸೆತ ಹಾಗಲ್ಲ. ತೋಳಿನ ಬಲಕ್ಕಿಂತ ಕಾಲು, ಸೊಂಟಗಳ ಚಲನೆ ಅಲ್ಲಿ ಮುಖ್ಯವಾದ್ದರಿಂದ ನಿಮ್ಮ ಹಳೆಯ ಶಾಲೆಯ ದೈಹಿಕ ಶಿಕ್ಷಕರನ್ನು ಕಂಡು ಕ್ರಮ ಕಲಿಯಿರಿ.

ಮನೆಯವರಿಗೆ ರಾತ್ರಿ ಪಾಳಿ ಇರುವುದಿಲ್ಲವೆಂದು ಸುಳ್ಳು ಹೇಳಬೇಡಿ, ಇರುತ್ತದೆ. ಆದರೆ ಮಹಿಳಾ ಪೊಲೀಸರಿಲ್ಲದೆ ಕಾನೂನೇ ಮುಂದೆ ಸಾಗದ ಸಂದರ್ಭಗಳು ಎಷ್ಟಿವೆ ಎಂಬುದನ್ನು ಅವರಿಗೆ ವಿವರಿಸಿ. ಅತ್ಯಾಚಾರಕ್ಕೆ ಒಳಗಾದವಳ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭದಲ್ಲಿ ಬಂಧಿಸಲೇಬೇಕಾದರೆ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಸಲ್ಲಿಸಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. ಪೋಕ್ಸೊ ಕಾಯ್ದೆಯ ಪ್ರಕಾರ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಕಡೆಯಲ್ಲೋ, ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ, ಸಮವಸ್ತ್ರ ತೊಡದೆ ಪಡೆಯಬೇಕು. ಹೆದರಿದ ಮಗುವೊಂದು ಮೊದಲ ಬಾರಿಗೆ ಬಾಯಿ ಬಿಡುವಾಗ ಎದುರಿಗೆ ನಿಮ್ಮಂಥವರಿರಬೇಕೆಂದು ನಾಡಿನ ಪ್ರತಿಯೊಬ್ಬ ತಾಯಿಯೂ ಬಯಸುತ್ತಾಳೆ.

ಪ್ರಶ್ನೆ: ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವನು ನಾನು. ಪಿಎಸ್‌ಐ ಪರೀಕ್ಷೆಯ ಮೊದಲ ಪತ್ರಿಕೆಗೆ 50 ಅಂಕ ಮಾತ್ರ ಇರುವುದರಿಂದ ಕೋಚಿಂಗ್ ಕೇಂದ್ರದಲ್ಲಿ ಅದಕ್ಕೆ ಗಮನ ಕೊಡುವುದಿಲ್ಲ. ಎಷ್ಟು ಸಮಯ ಮೀಸಲಿಡಲಿ?
– ಓದುಗ, ಶಿರಾ

ಉತ್ತರ: ಈ ಪತ್ರ ನನಗೆ ಬಹಳ ಸಂತೋಷ ಕೊಟ್ಟಿತು. ಮೊದಲ ಪತ್ರಿಕೆಯಲ್ಲಿ ಪ್ರಬಂಧಕ್ಕೆ 20, ಸಾರಾಂಶ ಲೇಖನಕ್ಕೆ 10, ಕನ್ನಡ-ಇಂಗ್ಲಿಷ್ ಭಾಷಾಂತರಕ್ಕೆ 20 ಅಂಕಗಳಿವೆ. ಎರಡನೆಯದು 150 ಅಂಕಗಳ ವಸ್ತುನಿಷ್ಠ ಪತ್ರಿಕೆ. 100 ಪ್ರಶ್ನೆಗಳು, ಪ್ರತಿ ತಪ್ಪಿಗೆ 0.375 ಅಂಕ ಕಡಿತ. ಎರಡನೆಯ ಪತ್ರಿಕೆಯಲ್ಲಿ ಗಟ್ಟಿಯಾಗಿ ಓದಿದವರೆಲ್ಲ ಹತ್ತಿರ ಹತ್ತಿರವೇ ನಿಲ್ಲುತ್ತಾರೆ. ಅಂತರ ಬೀಳುವುದು ಮೊದಲನೆಯದರಲ್ಲಿ, ಹಾಗಾಗಿ ದಿನಕ್ಕೆ ಒಂದು ಗಂಟೆಯಾದರೂ ಅದಕ್ಕೆ ಕೊಡಿ.

ಅಂಕದ ಮಾತು ಹಾಗಿರಲಿ. ಪೊಲೀಸ್ ಕೆಲಸವೆಂದರೆ ಲಾಠಿಯ ಕೆಲಸವೆಂದು ಹೊರಗಿನವರು ತಿಳಿದಿದ್ದಾರೆ. ಠಾಣೆಯೊಳಗೆ ಹೋಗಿ ನೋಡಿದರೆ ಅದು ಬರವಣಿಗೆಯ ಕೆಲಸ. ದೂರುದಾರ ಅಳುತ್ತಲೋ ಸಿಟ್ಟಿನಲ್ಲೋ ಹಿಂದುಮುಂದಾಗಿ ಹೇಳಿದ್ದನ್ನು ಕಾಲ, ಸ್ಥಳ, ವ್ಯಕ್ತಿ ತಪ್ಪದಂತೆ ಬರೆದು, ಅವನಿಗೇ ಓದಿ ಹೇಳಿ, ಸಹಿ ಪಡೆದು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಸ್ಥಳಕ್ಕೆ ಹೋಗಿ ಪಂಚರ ಸಮಕ್ಷಮ ಮಹಜರು ಬರೆಯಬೇಕು. ಸಾಕ್ಷಿಗಳ ಹೇಳಿಕೆ, ಕೇಸ್ ಡೈರಿ, ಕೊನೆಗೆ ದೋಷಾರೋಪ ಪಟ್ಟಿ, ಎಲ್ಲವೂ ಬರಹ. ಘಟನೆ ನಡೆದು ವರ್ಷಗಳ ನಂತರ ನ್ಯಾಯಾಲಯದಲ್ಲಿ ನಿಮ್ಮ ಪರವಾಗಿ ಮಾತನಾಡುವುದು ಅಂದು ನೀವು ಬರೆದ ಆ ಹಾಳೆಗಳೇ. ಮಹಜರಿನಲ್ಲಿ ಬಾಗಿಲಿನ ದಿಕ್ಕು ತಪ್ಪಾದರೆ, ಹೇಳಿಕೆಯಲ್ಲಿ ಸಾಕ್ಷಿ ಹೇಳದ ಮಾತು ಸೇರಿದರೆ, ಪಾಟೀಸವಾಲಿನಲ್ಲಿ ಇಡೀ ಪ್ರಕರಣ ಅಲುಗಾಡುತ್ತದೆ. ನೊಂದವರಿಗೆ ಸಿಗಬೇಕಾದ ನ್ಯಾಯ ಕೈತಪ್ಪುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣವನ್ನು ಕಡ್ಡಾಯಗೊಳಿಸಿದೆ. ಕೃತ್ಯ ಎಲ್ಲೇ ನಡೆದಿದ್ದರೂ ಬಂದ ಠಾಣೆಯಲ್ಲೇ ದೂರು ದಾಖಲಿಸಬೇಕೆಂದಿದೆ, ಆನ್‌ಲೈನ್ ದೂರಿಗೆ 3 ದಿನಗಳೊಳಗೆ ಸಹಿ ಪಡೆಯಬೇಕೆಂದಿದೆ. ಇವೆಲ್ಲ ಬಂದ ಮೇಲೂ ಬರೆಯುವ ಕೆಲಸ ಕಡಿಮೆಯಾಗಿಲ್ಲ; ಬರೆದದ್ದು ಚಿತ್ರದಲ್ಲಿರುವುದಕ್ಕೆ ಹೊಂದಬೇಕಾದ್ದರಿಂದ ಇನ್ನಷ್ಟು ಎಚ್ಚರ ಬೇಕಾಗಿದೆ. ನೀವು ಕಲಿತ ಕನ್ನಡ ಇಲ್ಲಿ ನಿಮ್ಮ ಬಲ. ಪತ್ರಿಕೆಯಲ್ಲಿ ಬಂದ ಒಂದು ವರದಿಯನ್ನು ದಿನವೂ ಮೂರನೇ ಒಂದು ಭಾಗಕ್ಕೆ ಇಳಿಸಿ ಬರೆಯಿರಿ, ಒಂದು ಪರಿಚ್ಛೇದವನ್ನು ಭಾಷಾಂತರಿಸಿ, ತಿದ್ದಬಲ್ಲ ಮೇಷ್ಟ್ರೊಬ್ಬರಿಗೆ ತೋರಿಸಿ. ಹಾಗೆಯೇ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ಪ್ರಮಾಣಪತ್ರಗಳನ್ನು ಅರ್ಜಿಯ ಕೊನೆಯ ದಿನಾಂಕಕ್ಕೆ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ನಂತರದ ದಿನಾಂಕದ ಪತ್ರ ಹಿಡಿದು ದಾಖಲಾತಿ ಪರಿಶೀಲನೆಗೆ ಹೋದರೆ ಕೈಗೆ ಬಂದದ್ದು ತಪ್ಪಬಹುದು.

ಪ್ರಶ್ನೆ: ಪರಿಚಯದವರೊಬ್ಬರು ಹಣ ಕೊಟ್ಟರೆ ಪಿಎಸ್‌ಐ ಹುದ್ದೆ ಖಚಿತ ಎನ್ನುತ್ತಿದ್ದಾರೆ. ಜಮೀನು ಮಾರಲು ಅಣ್ಣ ಸಿದ್ಧನಿದ್ದಾನೆ.
– ಹೆಸರು, ಊರು ಬೇಡ

ಉತ್ತರ: ಜಮೀನು ಮಾರಬೇಡಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯ ಒಎಂಆರ್ ಹಾಳೆಗಳನ್ನು ತಿದ್ದಿದ್ದು, ಬ್ಲೂಟೂತ್ ಬಳಸಿದ್ದು ಬಯಲಾಗಿ, 2022ರ ಏಪ್ರಿಲ್‌ನಲ್ಲಿ ಸರ್ಕಾರ ಮರುಪರೀಕ್ಷೆ ಘೋಷಿಸಿತು; ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರೇ ಬಂಧನಕ್ಕೊಳಗಾದರು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮರುಪರೀಕ್ಷೆ ನಡೆಸಿದ್ದು 2024ರ ಜನವರಿಯಲ್ಲಿ. ನಡುವೆ ಕಳೆದ ಎರಡು ವರ್ಷಗಳಲ್ಲಿ, ಪ್ರಾಮಾಣಿಕವಾಗಿ ಬರೆದು ಆಯ್ಕೆಪಟ್ಟಿಯಲ್ಲಿದ್ದ ಯುವಕ ಯುವತಿಯರು ಅನುಭವಿಸಿದ ನೋವಿಗೆ ಯಾವ ಪರಿಹಾರವೂ ಇಲ್ಲ. ಹಣ ಕೊಟ್ಟವರಲ್ಲೂ ಹಲವರು ಜೈಲು ಕಂಡರು. ನಿಮ್ಮ ಪರಿಚಯದವರ ಮೇಲೆ ದೂರು ಕೊಡುವುದು ನಿಮ್ಮ ಮುಂದಿರುವ ಸರಿಯಾದ ದಾರಿ, ಅದಕ್ಕೆ ಅಣ್ಣನನ್ನೂ ಒಪ್ಪಿಸಿ.

ಪ್ರಶ್ನೆ: ಊರ ಜಾತ್ರೆಯಲ್ಲಿ ನಡೆದ ಗಲಾಟೆಯಲ್ಲಿ ನನ್ನ ಹೆಸರೂ ಸೇರಿತ್ತು. ಪ್ರಕರಣ ರಾಜಿಯಲ್ಲಿ ಮುಗಿದಿದೆ. ಇದನ್ನು ತಿಳಿಸಬೇಕೇ?
– ಓದುಗ, ಗೋಕಾಕ

ಉತ್ತರ: ತಿಳಿಸಲೇಬೇಕು. ಆಯ್ಕೆಯಾದ ಮೇಲೆ ತುಂಬುವ ಪೂರ್ವಾಪರ ಪರಿಶೀಲನಾ ನಮೂನೆಯಲ್ಲಿ, ಮುಗಿದುಹೋದ ಪ್ರಕರಣಗಳೂ ಸೇರಿದಂತೆ ಕೇಳಿದ್ದೆಲ್ಲವನ್ನೂ ಬರೆಯಿರಿ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವಂತೆ, ಅಭ್ಯರ್ಥಿ ಸತ್ಯವನ್ನೇ ತಿಳಿಸಬೇಕು; ಕ್ಷುಲ್ಲಕ ಪ್ರಕರಣಗಳಲ್ಲಿ ನೇಮಕಾತಿ ಪ್ರಾಧಿಕಾರ ವಿವೇಚನೆಯಿಂದ ತಪ್ಪನ್ನು ಮನ್ನಿಸಬಹುದು. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ತರಬೇತಿ ಮುಗಿದ ಮೇಲೂ ಕೆಲಸ ಹೋಗಬಹುದು. ಪ್ರಕರಣ ಮುಕ್ತಾಯವಾದ ಆದೇಶದ ದೃಢೀಕೃತ ನಕಲನ್ನು ನ್ಯಾಯಾಲಯದಿಂದ ಈಗಲೇ ಪಡೆದು, ನಮೂನೆಯ ಜೊತೆಗೆ ಲಗತ್ತಿಸಿ.