ರಿಲೇಗೆ ತೂತು ಬೇಕು, ರೆಸಿಸ್ಟರಿಗೆ ಬೇಡ

ಪ್ರಶ್ನೆ: ಟ್ಯಾಂಕು ತುಂಬಿದ ಕೂಡಲೇ ಮೋಟರು ನಿಲ್ಲಿಸುವ ಕಂಟ್ರೋಲರ್ ಮಾಡಿದ್ದೇನೆ. ಮೂರು ಬೋರ್ಡು ಚೆನ್ನಾಗಿ ಓಡುತ್ತಿವೆ. ಅವುಗಳಲ್ಲಿರುವುದೆಲ್ಲ ಕಾಲಿರುವ ಬಿಡಿಭಾಗಗಳೇ. ಈಗ 60 ಬೋರ್ಡು ಬೇಕು. ಎಸ್‌ಎಂಡಿಗೆ (ಕಾಲು ತೂರಿಸದೆ ಬೋರ್ಡಿನ ಮೇಲ್ಮೈಗೇ ಬೆಸೆಯುವ ಬಿಡಿಭಾಗಗಳಿಗೆ) ಬದಲಾಗಲೇ? ನನ್ನ ಹತ್ತಿರ ಇರುವುದು ಸೋಲ್ಡರಿಂಗ್ ಸ್ಟೇಷನ್ ಒಂದೇ.
– ಓದುಗರು, ತಿಪಟೂರು

ಉತ್ತರ: ಒಂದೇ ಬೋರ್ಡಿನಲ್ಲಿ ಎರಡನ್ನೂ ಬಳಸಿ. ಯಾವುದು ಹೇಗಿರಬೇಕೆಂದು ತೀರ್ಮಾನಿಸುವಾಗ ಗಾತ್ರ ನೋಡಬೇಡಿ. ಅದರ ಮೇಲೆ ಕೈಬಲ ಬೀಳುತ್ತದೆಯೇ ಎಂದು ನೋಡಿ.

ಸ್ಕ್ರೂ ಟರ್ಮಿನಲ್, ರಿಲೇ, ಫ್ಯೂಸ್ ಹೋಲ್ಡರ್, ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರು, ಇವೆಲ್ಲ ಥ್ರೂ-ಹೋಲ್ (ಕಾಲನ್ನು ತೂತಿನಲ್ಲಿ ತೂರಿಸಿ ಬೆಸೆಯುವಂಥವು) ಆಗಿಯೇ ಇರಲಿ. ಎಲೆಕ್ಟ್ರಿಷಿಯನ್ ಟರ್ಮಿನಲ್ ಸ್ಕ್ರೂ ಬಿಗಿ ಮಾಡುವಾಗ ಇಡೀ ಟರ್ಮಿನಲ್ ತಿರುಚುತ್ತದೆ, ದಪ್ಪ ವೈರು ಅದನ್ನು ಮೇಲಕ್ಕೆ ಎತ್ತುತ್ತದೆ. ಮೇಲ್ಮೈಯ ಪ್ಯಾಡು (ಭಾಗವನ್ನು ಬೆಸೆಯುವ ತಾಮ್ರದ ತುಣುಕು) ಬೋರ್ಡಿಗೆ ಬರೀ ಅಂಟಿಕೊಂಡಿರುವುದರಿಂದ ಸಿಪ್ಪೆಯಂತೆ ಎದ್ದು ಬರುತ್ತದೆ. ಒಳಗೆ ತಾಮ್ರ ಲೇಪಿಸಿದ ತೂತಾದರೆ ಬೆಸುಗೆ ಅದರುದ್ದಕ್ಕೂ ಇಳಿದು ಕಾಲನ್ನು ಹಿಡಿಯುತ್ತದೆ. ಕಾಲಿಗಿಂತ ತೂತು 0.3 ಮಿ.ಮೀ. ದೊಡ್ಡದಿರಲಿ: 1 ಮಿ.ಮೀ. ಕಾಲಿಗೆ 1.3 ಮಿ.ಮೀ. ತೂತು. ಅಂದಹಾಗೆ, ರಿಲೇ ಮೇಲೆ 10 ಆಂಪಿಯರ್ ಎಂದು ಬರೆದಿದ್ದರೂ ಪಂಪನ್ನು ನೇರವಾಗಿ ಅದಕ್ಕೆ ಜೋಡಿಸಬೇಡಿ. ಮೋಟರು ಹೊರಡುವಾಗ ಹಲವು ಪಟ್ಟು ಕರೆಂಟು ಎಳೆದು ಕಾಂಟ್ಯಾಕ್ಟು ಅಂಟಿಕೊಂಡರೆ ಪಂಪು ನಿಲ್ಲುವುದೇ ಇಲ್ಲ. ರಿಲೇ ಕಾಂಟ್ಯಾಕ್ಟರನ್ನು (ಮೋಟರಿನಂಥ ಭಾರಕ್ಕೆಂದೇ ಮಾಡಿದ ದೊಡ್ಡ ರಿಲೇ) ನಡೆಸಲಿ, ಕಾಂಟ್ಯಾಕ್ಟರು ಮೋಟರನ್ನು ನಡೆಸಲಿ.

ಉಳಿದ ಸಣ್ಣವನ್ನೆಲ್ಲ ಎಸ್‌ಎಂಡಿ ಮಾಡಿ. ಬೋರ್ಡಿಗೆ ಇಂಥವು 40 ಇದ್ದರೂ 60 ಬೋರ್ಡಿಗೆ 2,400 ಆಗುತ್ತವೆ. ಅಂದರೆ ಬಗ್ಗಿಸಿ, ತೂರಿಸಿ, ಬೆಸೆದು, ಕತ್ತರಿಸಬೇಕಾದ ಕಾಲುಗಳು 4,800ಕ್ಕೂ ಹೆಚ್ಚು. ಕೈಕೆಲಸಕ್ಕೆ 0805 ಗಾತ್ರ ಆರಿಸಿ. ಅದು ಸುಮಾರು 2 ಮಿ.ಮೀ. ಉದ್ದ, 1.25 ಮಿ.ಮೀ. ಅಗಲ ಇರುತ್ತದೆ. ಅದಕ್ಕಿಂತ ತೀರಾ ಸಣ್ಣದಾದ 0402ರ ಗೊಡವೆ ಬೇಡ. ಎಲ್‌ಎಂ358 ಐಸಿ ಎಸ್‌ಒ-8 ಎಂಬ ಎಸ್‌ಎಂಡಿ ರೂಪದಲ್ಲಿ ಸಿಗುತ್ತದೆ, ಪಿನ್ ಕ್ರಮ ಕಾಲು ತೂರಿಸುವ ಡಿಐಪಿ ರೂಪದ್ದೇ. 1ಎನ್4007 ಡಯೋಡಿನ ಬದಲು ಎಂ7 ಹಾಕಬಹುದು. ಬಿಸಿ547 ಟ್ರಾನ್ಸಿಸ್ಟರಿನ ಬದಲು ಬಿಸಿ847 ಹಾಕುವಾಗ ಮಾತ್ರ ಎಚ್ಚರ. ಮೊದಲಿನದರಲ್ಲಿ ಬೇಸ್ ನಡುವೆ ಇತ್ತು. ಇದರಲ್ಲಿ ಒಂಟಿಯಾಗಿರುವ ಕಾಲು ಕಲೆಕ್ಟರ್, ಎದುರಿನ ಎರಡು ಬೇಸ್ ಮತ್ತು ಎಮಿಟರ್. ಹಳೆಯ ಲೇಔಟಿನ ಕ್ರಮವನ್ನೇ ಇಟ್ಟರೆ 60 ಬೋರ್ಡೂ ಒಟ್ಟಿಗೆ ಕೈಕೊಡುತ್ತವೆ.

ಕೂರಿಸುವ ರೀತಿ ಹೀಗೆ. 63/37 (ಶೇಕಡಾ 63 ತವರ, 37 ಸೀಸ) ಬೆಸುಗೆ ತಂತಿ, 0.5 ಮಿ.ಮೀ. ದಪ್ಪದ್ದು, ಐರನ್ 320 ಡಿಗ್ರಿ. ಬಲಗೈಯವರಾದರೆ ಪ್ರತಿ ಭಾಗದ ಬಲ ಪ್ಯಾಡಿಗೆ ಮಾತ್ರ ತೆಳ್ಳಗೆ ಬೆಸುಗೆ ಹಚ್ಚಿ. ಎಡಗೈಯ ಚಿಮಟದಲ್ಲಿ ರೆಸಿಸ್ಟರು ಹಿಡಿದು, ಆ ಬೆಸುಗೆಯನ್ನು ಕರಗಿಸುತ್ತ ಬದಿಯಿಂದ ಜಾರಿಸಿ. ಐರನ್ ತೆಗೆದ ಮೇಲೂ ಒಂದೆರಡು ಸೆಕೆಂಡು ಅಲುಗಿಸಬಾರದು. ಆಮೇಲೆ ಎಡ ಪ್ಯಾಡು ಬೆಸೆಯಿರಿ. ಒಂದು ಮೌಲ್ಯದ ರೆಸಿಸ್ಟರನ್ನು 60 ಬೋರ್ಡಿಗೂ ಮುಗಿಸಿಯೇ ಮುಂದಿನ ಮೌಲ್ಯದ ಟೇಪು ಬಿಚ್ಚಿ. ರೆಸಿಸ್ಟರಿನ ಮೇಲೆ 103 ಎಂದಿದ್ದರೆ 10 ಕಿಲೋಓಮ್ ಎಂದು ಓದಿಕೊಳ್ಳಬಹುದು, ಸೆರಾಮಿಕ್ ಕೆಪ್ಯಾಸಿಟರಿನ ಮೇಲೆ ಏನೂ ಬರೆದಿರುವುದಿಲ್ಲ. ಎರಡು ಮೌಲ್ಯದವು ಮೇಜಿನ ಮೇಲೆ ಬೆರೆತರೆ ಕಣ್ಣಿಗೆ ಗೊತ್ತಾಗದು. ಹಾರಿಹೋಗುವುದಕ್ಕೆಂದು ಶೇಕಡಾ 10 ಹೆಚ್ಚು ತನ್ನಿ.

ಸೆರಾಮಿಕ್ ಕೆಪ್ಯಾಸಿಟರನ್ನು ಸ್ಕ್ರೂ ತೂತಿನಿಂದ, ಬೋರ್ಡು ಮುರಿಯುವ ಅಂಚಿನಿಂದ ಕನಿಷ್ಠ 5 ಮಿ.ಮೀ. ದೂರವಿಡಿ. ಉದ್ದಬದಿ ಅಂಚಿಗೆ ಸಮಾನಾಂತರವಾಗಿರಲಿ. ಬೋರ್ಡು ಬಾಗಿದರೆ ಕೆಪ್ಯಾಸಿಟರಿನೊಳಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಪರೀಕ್ಷೆಯಲ್ಲಿ ಪಾಸಾದ ಬೋರ್ಡು ಕೆಲವು ತಿಂಗಳಾದ ಮೇಲೆ ಶಾರ್ಟ್ ಆಗುತ್ತದೆ. ಎಸ್‌ಎಂಡಿಗಳೆಲ್ಲ ಒಂದೇ ಬದಿಯಲ್ಲಿರಲಿ. ಅವು ಮೊದಲು, ಕಾಲಿನವು ಆಮೇಲೆ, ಎತ್ತರದ ರಿಲೇ ಕೊನೆಗೆ.

ಪ್ರಶ್ನೆ: ಸ್ಟೆನ್ಸಿಲ್‌ನಲ್ಲಿ (ಪ್ಯಾಡುಗಳ ಜಾಗದಲ್ಲಿ ತೂತಿರುವ ತಗಡು) ಬೆಸುಗೆ ಪೇಸ್ಟ್ ಎಳೆದು ಹಾಟ್ ಪ್ಲೇಟ್ ಮೇಲೆ ಬೆಸೆದರೆ ಕೆಲವು ರೆಸಿಸ್ಟರುಗಳು ಒಂದು ತುದಿಯ ಮೇಲೆ ಎದ್ದು ನಿಲ್ಲುತ್ತವೆ. ಸುತ್ತ ಸಣ್ಣ ಬೆಸುಗೆ ಗುಂಡುಗಳೂ ಕಾಣುತ್ತವೆ. ಏಕೆ?
– ಓದುಗರು, ಹಾಸನ

ಉತ್ತರ: ಒಂದು ಪ್ಯಾಡಿನ ಪೇಸ್ಟ್ ಮೊದಲು ಕರಗಿ ರೆಸಿಸ್ಟರನ್ನು ತನ್ನತ್ತ ಎಳೆದುಕೊಳ್ಳುತ್ತಿದೆ. ಎದ್ದು ನಿಂತವುಗಳ ಇನ್ನೊಂದು ಪ್ಯಾಡು ಅಗಲವಾದ ಗ್ರೌಂಡ್ ತಾಮ್ರಕ್ಕೆ ನೇರ ಸೇರಿದೆಯೇ ನೋಡಿ. ಆ ತಾಮ್ರ ಶಾಖ ಹೀರಿಕೊಳ್ಳುತ್ತದೆ. ಮುಂದಿನ ಲೇಔಟಿನಲ್ಲಿ ಪ್ಯಾಡನ್ನು ಅದಕ್ಕೆ ನಾಲ್ಕು ಸಣ್ಣ ತಾಮ್ರದ ಗೆರೆಗಳಿಂದ ಮಾತ್ರ ಜೋಡಿಸಿ. ಈಗಿನ ಬೋರ್ಡುಗಳಿಗಾದರೆ, ಪೇಸ್ಟ್ 183 ಡಿಗ್ರಿಯಲ್ಲಿ ಕರಗುವ ಜಾತಿಯದಾದರೆ 150ರ ಆಸುಪಾಸಿನಲ್ಲಿ ಒಂದು ನಿಮಿಷ ನಿಲ್ಲಿಸಿ, ಬಳಿಕ ಏರಿಸಿ. ಗುಂಡುಗಳಿಗೆ ಹೆಚ್ಚಾಗಿ ತೇವ ಕಾರಣ: ಫ್ರಿಜ್‌ನಿಂದ ತೆಗೆದ ಡಬ್ಬಿಯನ್ನು ನಾಲ್ಕು ಗಂಟೆ ಮುಚ್ಚಳ ತೆರೆಯದೆ ಹೊರಗಿಟ್ಟ ಮೇಲೆಯೇ ಬಳಸಿ.