ತುಮಕೂರು ಸುತ್ತಲಿನ ಕಾಡಿನಲ್ಲಿ ಸಹಸ್ರಪದಿಗಳನ್ನು ಹುಡುಕುವುದು ಹೇಗೆ? ಕಪ್ಪು ಮೈ, ಅಂಚಿಗೆ ಹಳದಿ ಚುಕ್ಕಿ ಇರುವ ಒಂದನ್ನು ನೋಡಿದೆ. ಯಾವುದು ಯಾವ ಜಾತಿ ಅಂತ ಗುರುತಿಸುವುದು ಹೇಗೆ?

ಮೊದಲು, ಬಣ್ಣ ನೋಡಿ ಹೆಸರು ಹೇಳುವ ಆಸೆ ಬಿಡಿ. ನೀವು ಬರೆದಿರುವ ‘ಕಪ್ಪು ಮೈ, ಅಂಚಿಗೆ ಹಳದಿ ಚುಕ್ಕಿ’ ಹಲವು ಜಾತಿಗಳಿಗೆ ಹೊಂದುತ್ತದೆ. ನಿಜವಾದ ಗುರುತು ಇರುವುದು ತಲೆಯಲ್ಲಿ, ಮೈಯ ಉಂಗುರಗಳ ಲೆಕ್ಕದಲ್ಲಿ, ಗಂಡಾದರೆ ಏಳನೇ ಉಂಗುರದ ಅಡಿಯಲ್ಲಿ.

ನಮ್ಮ ಕಡೆ ಒಳ್ಳೆಯ ಕಾಲ ಉತ್ತರೆ ಮಳೆಯಿಂದ ಚಿತ್ತೆ ಮಳೆಯವರೆಗೆ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ನಾಲ್ಕನೇ ವಾರದವರೆಗೆ. ಮುಂಗಾರಿನ ಮೊದಲ ಮಳೆಗಳಾದ ಮೇಲೂ ಸಿಗುತ್ತವೆ. ಮೈಯ ತೇವ ಹಿಡಿದಿಟ್ಟುಕೊಳ್ಳುವ ಶಕ್ತಿ ಇವುಗಳಿಗೆ ಕಮ್ಮಿ, ಹಾಗಾಗಿ ಬೇಸಿಗೆಯಲ್ಲಿ ಮಣ್ಣಿನಾಳಕ್ಕೆ ಇಳಿದುಬಿಡುತ್ತವೆ. ರಾತ್ರಿ ಮಳೆ ಬಿದ್ದು ಬೆಳಿಗ್ಗೆ ಮೋಡ ಮುಚ್ಚಿದ್ದರೆ ಆರರಿಂದ ಎಂಟರೊಳಗೆ ಹೋಗಿ.

ದೇವರಾಯನದುರ್ಗ, ನಾಮದ ಚಿಲುಮೆ ಕಡೆ ದಾರಿ ಬಿಟ್ಟು ಒಳಗೆ ಹೋಗಬೇಡಿ. ಚಿರತೆ, ಕರಡಿ ಇರುವ ಕಾಡು ಅದು. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಅಲ್ಲಿಂದ ಏನನ್ನೂ ತರುವಂತಿಲ್ಲ. ಕಲಿಯುವುದಕ್ಕೆ ಊರ ಗುಂಡುತೋಪು, ಕೆರೆ ಏರಿಯ ಹೊಂಗೆ ಮರದ ಬುಡ, ತೆಂಗಿನ ತೋಟದಲ್ಲಿ ಕೊಳೆಯುತ್ತಿರುವ ಮಟ್ಟೆ ರಾಶಿ ಇವೇ ವಾಸಿ. ನೀಲಗಿರಿ ತೋಪಿನಲ್ಲಿ ಹೊತ್ತು ಕಳೆಯಬೇಡಿ, ಆ ತರಗೆಲೆಯಲ್ಲಿ ಹೆಚ್ಚೇನೂ ಇರುವುದಿಲ್ಲ.

ಕಲ್ಲನ್ನೋ ಮರದ ತುಂಡನ್ನೋ ಎತ್ತುವಾಗ ಆಚೆ ಬದಿಯನ್ನು ಕೊಕ್ಕೆಯಿಂದ ನಿಮ್ಮ ಕಡೆಗೆ ಎಬ್ಬಿಸಿ. ಅಡಿಯಲ್ಲಿ ಕೊಳಕುಮಂಡಲವೋ ಚೇಳೋ ಇದ್ದರೆ ನಡುವೆ ಕಲ್ಲು ಅಡ್ಡ ಇರುತ್ತದೆ. ನೋಡಿ ಆದ ಮೇಲೆ ಇದ್ದ ಹಾಗೇ ಇಡಿ. ಸಣ್ಣವು ಬೇಕಿದ್ದರೆ ಒದ್ದೆ ತರಗೆಲೆಯನ್ನು ದೊಡ್ಡ ಕಣ್ಣಿನ ಜರಡಿಗೆ ಹಾಕಿ, ಬಿಳಿ ಬಟ್ಟೆಯ ಮೇಲೆ ಆಡಿಸಿ, ಐದು ನಿಮಿಷ ಸುಮ್ಮನೆ ಕೂರಿ. ಅಲುಗಾಡಿಸಿದ ಕೂಡಲೇ ಸುರುಳಿ ಸುತ್ತಿ ಬಿದ್ದಿರುವುದರಿಂದ ಕಡ್ಡಿ ಚೂರೆಂದು ಕೊಡವಿಬಿಡುವವರೇ ಹೆಚ್ಚು. ಕಾದರೆ ತಾವೇ ನಡೆಯತೊಡಗುತ್ತವೆ.

ಸಿಕ್ಕಿದ್ದು ಜರಿಯಲ್ಲ ಅಂತ ಖಾತ್ರಿ ಮಾಡಿಕೊಂಡೇ ಮುಟ್ಟಿ. ಜರಿಗೆ ಪ್ರತಿ ಖಂಡಕ್ಕೆ ಒಂದೇ ಜೊತೆ ಕಾಲು, ಓಟ ಜೋರು, ಕಚ್ಚುತ್ತದೆ. ಸಹಸ್ರಪದಿಗೆ ಬಹುತೇಕ ಉಂಗುರಗಳಲ್ಲಿ ಎರಡೆರಡು ಜೊತೆ, ನಡಿಗೆ ನಿಧಾನ, ವಿಷದ ಕೊಂಡಿ ಇಲ್ಲ. ಆದರೆ ದುಂಡು ಮೈಯವು ಬಿಡುವ ರಸ ಬೆರಳಿಗೆ ಕಂದು ಕಲೆ ಹತ್ತಿಸುತ್ತದೆ, ಕಣ್ಣಿಗೆ ತಗುಲಿದರೆ ವಿಪರೀತ ಉರಿ. ಸೋಪು ಹಾಕಿ ಕೈ ತೊಳೆಯಿರಿ.

ಚಪ್ಪಟೆ ಬೆನ್ನು, ಉಂಗುರಗಳ ಪಕ್ಕಕ್ಕೆ ಚಾಚಿದ ಅಂಚು, ಕಣ್ಣಿಲ್ಲ, ಉಂಗುರ ಸುಮಾರು 20 ಇದ್ದರೆ ಅದು ಪಾಲಿಡೆಸ್ಮಿಡಾ ಗಣ (ಗಣ ಅಂದರೆ ಹಲವು ಜಾತಿಗಳು ಸೇರಿದ ದೊಡ್ಡ ಗುಂಪು). ಕೆಣಕಿದರೆ ಕಹಿಬಾದಾಮಿ ವಾಸನೆ ಬರುವುದುಂಟು, ಅದರ ಜೊತೆಗೆ ಬರುವುದು ಹೈಡ್ರೋಜನ್ ಸಯನೈಡ್. ನಿಮಗೆ ಅಪಾಯವಾಗುವಷ್ಟಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮಾತ್ರ ಹುಳವೇ ಸತ್ತುಹೋಗಬಹುದು. ಡಬ್ಬಿಗೆ ಒಂದೇ ಹುಳ, ಮುಚ್ಚಳಕ್ಕೆ ತೂತು, ಒಳಗೆ ಒದ್ದೆ ಎಲೆ.

ದುಂಡು ಮೈಯಾದರೆ ಮುಖ ನೋಡಿ. ಹಣೆಯ ನಡುವೆ ಮೇಲಿಂದ ಕೆಳಗೆ ಸ್ಪಷ್ಟ ಗೀರು ಇದ್ದರೆ ಸ್ಪೈರೊಬೊಲಿಡಾ. ಮಳೆಗಾಲದಲ್ಲಿ ಎಲ್ಲೆಲ್ಲೂ ಕಾಣುವ ಇಟ್ಟಿಗೆ ಕೆಂಪಿನ ಟ್ರೈಗೋನಿಯುಲಸ್ ಕೊರಾಲಿನಸ್ ಈ ಗಣದ್ದು, ಮೂಲ ಆಗ್ನೇಯ ಏಷ್ಯಾ. ಗೀರು ಕಾಣದ ಕಪ್ಪು ಬಣ್ಣದ ಗೇಣುದ್ದದವು ಸಾಮಾನ್ಯವಾಗಿ ಸ್ಪೈರೊಸ್ಟ್ರೆಪ್ಟಿಡಾ. ಹೂಕುಂಡದಡಿ ಬಟಾಣಿಗಿಂತ ಸಣ್ಣಗೆ ಉಂಡೆಯಾಗುವುದಕ್ಕೆ ಏಳೇ ಜೊತೆ ಕಾಲಿದ್ದರೆ ಅದು ಸಹಸ್ರಪದಿಯೇ ಅಲ್ಲ, ಏಡಿಗಳ ಕಡೆಯ ಸಂಬಂಧಿ.

ಇನ್ನು ಏಳನೇ ಉಂಗುರ. ಹುಳವನ್ನು ಪಾರದರ್ಶಕ ಡಬ್ಬಿಯಲ್ಲಿ ಬಿಟ್ಟು ಅಡಿಯಿಂದ 10 ಪಟ್ಟಿನ ಮಸೂರದಲ್ಲಿ ನೋಡಿ. ತಲೆಯ ಹಿಂದಿನ ಕೊರಳಪಟ್ಟಿಯೇ ಒಂದನೆಯದು, ಅದಕ್ಕೆ ಕಾಲಿಲ್ಲ. ಚಪ್ಪಟೆ ಜಾತಿಯಲ್ಲಿ 2, 3, 4ಕ್ಕೆ ಒಂದೊಂದು ಜೊತೆ, ಐದರಿಂದ ಎರಡೆರಡು. ಏಳರಲ್ಲಿ ತಲೆ ಕಡೆಯ ಜೊತೆ ಕಾಲು ಕಾಣದೆ, ಆ ಜಾಗದಲ್ಲಿ ಬಾಗಿದ ಸಣ್ಣ ಕೊಕ್ಕೆಗಳಂಥ ಅಂಗ ಇದ್ದರೆ ಗಂಡು. ಕೂಡುವಾಗ ವೀರ್ಯ ದಾಟಿಸಲು ಕಾಲುಗಳೇ ಹಾಗೆ ಮಾರ್ಪಟ್ಟಿರುತ್ತವೆ. ದುಂಡು ಜಾತಿಯ ಗಂಡಿನಲ್ಲಿ ಆ ಉಂಗುರದ ಎರಡೂ ಜೊತೆ ಕಾಣುವುದಿಲ್ಲ, ಅಂಗ ಒಳಗೆ ಸೇದಿಕೊಂಡಿರುತ್ತದೆ. ತಜ್ಞರು ಜಾತಿ ನಿರ್ಧರಿಸುವುದು ಹೆಚ್ಚಾಗಿ ಈ ಅಂಗದ ಆಕಾರದಿಂದಲೇ.

ಹಾಗಾಗಿ ಬೆನ್ನಿನದೊಂದೇ ಫೋಟೋ ಸಾಲದು. ಪಕ್ಕದಲ್ಲಿ ನಾಣ್ಯ ಇಟ್ಟು ಇಡೀ ಮೈ, ನೇರ ಮುಖ, ನಡುಭಾಗದ ಪಕ್ಕನೋಟ, ಬಾಲದ ತುದಿ, ಐದರಿಂದ ಎಂಟನೇ ಉಂಗುರದವರೆಗಿನ ಅಡಿಭಾಗ ಇಷ್ಟೂ ತೆಗೆದು, ಜೀವಿಗಳನ್ನು ಗುರುತಿಸಲು ನೆರವಾಗುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕಿ. ಜಾಗ, ತಾರೀಕು, ಯಾವ ಮರದಡಿ ಎಂಬುದನ್ನೂ ಬರೆಯಿರಿ. ಉಂಗುರ ಕಡಿಮೆಯಿದ್ದು ಬಿಳಿಚಿಕೊಂಡ ಚಪ್ಪಟೆ ಹುಳ ಬಹುಮಟ್ಟಿಗೆ ಮರಿ. ಪೊರೆ ಬಿಟ್ಟಂತೆಲ್ಲ ಉಂಗುರ, ಕಾಲು ಹೆಚ್ಚುತ್ತವೆ, ಅದನ್ನು ಬೇರೆ ಜಾತಿ ಎಂದುಕೊಳ್ಳಬೇಡಿ. ಹೆಣ್ಣು ಸಿಕ್ಕರೆ ಗಣದ ಹೆಸರಿಗೇ ನಿಲ್ಲಿಸಿ, ಅದೇ ಮಟ್ಟೆ ರಾಶಿಯಲ್ಲಿ ಗಂಡಿಗಾಗಿ ಇನ್ನಷ್ಟು ಹುಡುಕಿ.