ಉಗುಳಿದರೆ ತೋಟದವರಿಗೆ ಬೇಜಾರಾಗುತ್ತಾ?

ಪ್ರಶ್ನೆ: ಸೆಪ್ಟೆಂಬರ್ ಕೊನೆಗೆ ಫ್ರಾನ್ಸಿನ ತೂರ್‌ಗೆ ಹೋಗುತ್ತಿದ್ದೇವೆ. ಹತ್ತಿರದ ವೂವ್ರೇಯಲ್ಲಿ ದ್ರಾಕ್ಷಿ ತೋಟ ನೋಡಿ, ವೈನ್ ರುಚಿ ನೋಡಿ ಕೊಳ್ಳುವ ಆಸೆ. ನಮಗೆ ವೈನ್ ಬಗ್ಗೆ ಏನೂ ಗೊತ್ತಿಲ್ಲ. ಕೊಳ್ಳಲೇಬೇಕಾ? ರುಚಿ ನೋಡಿ ಉಗುಳುತ್ತಾರಂತೆ, ಅದು ಅವಮಾನ ಅಲ್ವಾ ಮೇಡಂ?

ಉತ್ತರ: ಖಂಡಿತ ಅಲ್ಲ. ಅದಕ್ಕೆಂದೇ ಮೇಜಿನ ಮೇಲೆ ಪಾತ್ರೆ ಇಟ್ಟಿರುತ್ತಾರೆ, ತೋಟದವರೂ ಉಗುಳುತ್ತಾರೆ. ಕಾರು ಓಡಿಸುವವರಂತೂ ಉಗುಳಲೇಬೇಕು. ಅಲ್ಲಿ ಒಂದು ಲೀಟರ್ ರಕ್ತದಲ್ಲಿ 0.5 ಗ್ರಾಂ ಆಲ್ಕೋಹಾಲ್ ಮುಟ್ಟಿದರೂ ಅಪರಾಧ.

ವೂವ್ರೇ ಆರಿಸಿಕೊಂಡಿದ್ದು ನನಗೆ ತುಂಬಾ ಖುಷಿ. ಅಲ್ಲಿನ ವೈನ್ ಹೆಚ್ಚುಕಡಿಮೆ ಎಲ್ಲವೂ ಶೆನಿನ್ ಬ್ಲಾಂ ಅನ್ನುವ ಒಂದೇ ಬಿಳಿ ದ್ರಾಕ್ಷಿಯದು. ಸಿಹಿ ಇಲ್ಲದ್ದು ಸೆಕ್, ಸ್ವಲ್ಪ ಸಿಹಿ ಇದ್ದರೆ ದೆಮಿ-ಸೆಕ್, ಪೂರ್ತಿ ಸಿಹಿಯದು ಮ್ವಾಲ್ಯೂ. ನೊರೆ ಬರುವುದೂ ಇದೆ. ಸಿಹಿ ಇಲ್ಲದ್ದರಿಂದ ಶುರು ಮಾಡಿ, ಸಿಹಿ ಕೊನೆಗಿರಲಿ. ಮೊದಲ ಸಲ ನಾನು ಸಿಹಿಯಿಂದ ಶುರು ಮಾಡಿದ್ದೆ. ಆಮೇಲೆ ಕೊಟ್ಟ ಒಳ್ಳೆಯ ಸೆಕ್ ಬರೀ ಹುಳಿ ಅನ್ನಿಸಿತು.

ಅಲ್ಲಿನ ನೆಲಮಾಳಿಗೆಗಳನ್ನು ತೂಫೋ ಅನ್ನುವ ಮೆತ್ತನೆಯ ಸುಣ್ಣಕಲ್ಲಿನ ಗುಡ್ಡದೊಳಗೇ ಕೊರೆದಿದ್ದಾರೆ. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ತಣ್ಣಗೆ, ಸ್ವೆಟರ್ ಇರಲಿ. ನಾನು ಹೋದ ಕಡೆ ಗೋಡೆಯೆಲ್ಲ ಬೆವೆತಿತ್ತು. ಅಜ್ಜ ಒಬ್ಬರು ಮೂಲೆಯಿಂದ ಹಳೇ ದೆಮಿ-ಸೆಕ್ ತಂದು, ಬಾಟಲಿಗೆ ಹತ್ತಿದ್ದ ಕಪ್ಪು ಬೂಷ್ಟನ್ನು ಹೆಬ್ಬೆರಳಿನಿಂದ ಒರೆಸಿ ಸುರಿದರು. ಬಣ್ಣ ಒಣಹುಲ್ಲಿನ ಹಾಗೆ. ವಾಸನೆ ಜೇನುತುಪ್ಪದ್ದು. ಅದೊಂದನ್ನು ಮಾತ್ರ ನಾನು ಉಗುಳಲಿಲ್ಲ. ಶೆನಿನ್ ಬ್ಲಾಂಗೆ ಹುಳಿ ಜಾಸ್ತಿ, ಅದಕ್ಕೇ ಒಳ್ಳೆಯ ವರ್ಷದ್ದು ದಶಕಗಟ್ಟಲೆ ಬಾಳುತ್ತದೆ. ಹಾಗಾಗಿ "ಹಳೇ ವರ್ಷದ್ದು ಇದೆಯಾ?" ಅಂತ ಸಂಕೋಚವಿಲ್ಲದೆ ಕೇಳಿ. ನಿಮಗೇನೂ ಗೊತ್ತಿಲ್ಲ ಅನ್ನುವುದನ್ನೂ ಮೊದಲೇ ಹೇಳಿಬಿಡಿ, ಅವರು ಇನ್ನಷ್ಟು ಪ್ರೀತಿಯಿಂದ ತೋರಿಸುತ್ತಾರೆ.

ಕೊಳ್ಳಲೇಬೇಕೆಂಬ ನಿಯಮ ಇಲ್ಲ. ಕೆಲವೆಡೆ ರುಚಿಗೆ ಯೂರೋ ತೆಗೆದುಕೊಳ್ಳುತ್ತಾರೆ, ಅಲ್ಲಿ ಋಣವೇ ಇಲ್ಲ. ಪುಕ್ಕಟೆ ಸುರಿದು ಅರ್ಧ ಗಂಟೆ ಮಾತಾಡಿದವರ ಹತ್ತಿರ ಒಂದೆರಡು ಬಾಟಲಿಯಾದರೂ ತೆಗೆದುಕೊಳ್ಳುವುದು ಮರ್ಯಾದೆ ಅಂತ ನನಗನಿಸುತ್ತದೆ. ಹೆಸರು ನೋಡಿ ಬೇಡ, ಬಾಯಿಗೆ ಹಿಡಿಸಿದ್ದನ್ನೇ ಕೊಳ್ಳಿ.

ನೀವು ಹೋಗುವುದು ಕೊಯ್ಲಿನ ಹೊತ್ತು, ಸುಮ್ನೆ ಬಾಗಿಲು ತಟ್ಟಬೇಡಿ. ಮೊದಲೇ ಫೋನ್ ಮಾಡಿ, ಮಧ್ಯಾಹ್ನ 12ರಿಂದ 2ರ ಊಟದ ಸಮಯ ಬಿಟ್ಟು ಹೋಗಿ. ಸೆಂಟ್ ಹಾಕಿಕೊಳ್ಳಬೇಡಿ, ಪಕ್ಕದವರಿಗೂ ವೈನಿನ ವಾಸನೆ ಸಿಗುವುದಿಲ್ಲ. ಕೊಂಡ ಬಾಟಲಿಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ.